ಮಳೆಗಾಲದ ಅಡುಗೆಮನೆ ಮತ್ತು ನೆರೆಮನೆಯ ಹಕ್ಕು

(ಜುಮಾ ಖುತ್ಬಾದ ಸಾರಾಂಶ)

ಸಹೋದರರೇ,

ಜೂನ್ 1ರಿಂದ ಜುಲೈ 31ರ ವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಒಟ್ಟು 61 ದಿನ. ಅದು ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟು. ನಿಷೇಧದ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಬೋಟಿಗೆ ಹೋಗುವವರು, ಧಕ್ಕೆಯಲ್ಲಿ ಮೀನು ಹೊರುವವರು, ಐಸ್ ಪ್ಲಾಂಟಿನವರು, ಸ್ಕೂಟರಿನಲ್ಲಿ ಮನೆ ಮನೆಗೆ ಮೀನು ತರುವವರು, ಎಲ್ಲರ ದುಡಿಮೆಯೂ ಒಟ್ಟಿಗೆ ನಿಲ್ಲುತ್ತದೆ. ಮಳೆ ಹಿಡಿದರೆ ಗಾರೆ ಕೆಲಸ, ಪೈಂಟಿಂಗ್, ಕಲ್ಲಿನ ಕೋರೆಯ ಕೆಲಸವೂ ನಿಂತಂತೆಯೇ. ಅದೇ ತಿಂಗಳಲ್ಲಿ ಶಾಲೆಯ ಫೀಸು, ಪುಸ್ತಕ, ಕೊಡೆ, ಸೋರುವ ಮಾಡಿಗೆ ಟರ್ಪಾಲು. ಕೊನೆಗೆ ಕೈ ಬಿಗಿಯುವುದು ಅಡುಗೆಮನೆಯ ಖರ್ಚಿನ ಮೇಲೆ. ಏಕೆಂದರೆ ಶಾಲೆಯವರು ಕಾಯುವುದಿಲ್ಲ, ಸಾಲದವರು ಕಾಯುವುದಿಲ್ಲ, ಹೊಟ್ಟೆ ಮಾತ್ರ ಕಾಯುತ್ತದೆ.

ಆದ್ದರಿಂದ ಇಂದು ಅಕ್ಕಿ, ಕಾಳು, ಎಣ್ಣೆಯ ಲೆಕ್ಕವನ್ನೇ ಮಾತನಾಡೋಣ. ಮಿಂಬರ್‌ನಲ್ಲಿ ನಿಂತು ಹುರುಳಿಯ ವಿಷಯ ಹೇಳುವುದೇ ಎಂದು ಕೆಲವರಿಗೆ ಅನ್ನಿಸಬಹುದು. ಪ್ರವಾದಿವರ್ಯರ(ಸ) ಮನೆಯ ಒಲೆಯ ವಿಷಯ ನಮ್ಮ ಹದೀಸ್ ಗ್ರಂಥಗಳಲ್ಲೇ ಇದೆ. ಹ. ಆಯಿಶಾ(ರ) ತಮ್ಮ ಅಕ್ಕನ ಮಗ ಉರ್ವಾರಿಗೆ ಹೇಳಿದ ಮಾತನ್ನು ನೀವು ಕೇಳಿದ್ದೀರಿ. ಒಂದರ ಹಿಂದೊಂದು ಮೂರು ಬಾರಿ ಚಂದ್ರದರ್ಶನವಾಗುತ್ತಿತ್ತು, ಎರಡು ತಿಂಗಳು ಕಳೆಯುತ್ತಿತ್ತು, ಪ್ರವಾದಿಯವರ ಮನೆಗಳಲ್ಲಿ ಬೆಂಕಿ ಹೊತ್ತುತ್ತಿರಲಿಲ್ಲ. ಮತ್ತೆ ಹೇಗೆ ಬದುಕುತ್ತಿದ್ದಿರಿ ಎಂದು ಅವರು ಕೇಳಿದಾಗ, ಖರ್ಜೂರ ಮತ್ತು ನೀರು ಎಂದರು.

ಇಲ್ಲಿಯ ವರೆಗೆ ಎಲ್ಲರೂ ಹೇಳುತ್ತಾರೆ. ಬಡವರಿಗೆ ಸಬ್ರ್ ಬೋಧಿಸಲು ಇಷ್ಟು ಸಾಕಾಗುತ್ತದೆ. ಆದರೆ ಆ ಹದೀಸ್ ಅಲ್ಲಿಗೆ ಮುಗಿಯುವುದಿಲ್ಲ. ಪಕ್ಕದಲ್ಲಿ ಅನ್ಸಾರರ ಮನೆಗಳಿದ್ದವು, ಅವರಲ್ಲಿ ಕರೆಯುವ ಪ್ರಾಣಿಗಳಿದ್ದವು, ಅವರು ಹಾಲು ಕಳಿಸುತ್ತಿದ್ದರು, ಅದನ್ನು ಪ್ರವಾದಿಯವರು(ಸ) ನಮಗೆ ಕುಡಿಸುತ್ತಿದ್ದರು ಎಂದೂ ಆಯಿಶಾ(ರ) ಹೇಳಿದ್ದಾರೆ. ಲೋಕದ ಅತ್ಯಂತ ಸಂಯಮದ ಆ ಮನೆಯ ಎರಡು ತಿಂಗಳಿನಲ್ಲಿಯೂ ನೆರೆಮನೆಯ ಹಾಲಿಗೆ ಸ್ಥಾನವಿತ್ತು. ಹದೀಸ್‌ನ ಮೊದಲ ಅರ್ಧವನ್ನು ಬಡವನಿಗೆ ಕೇಳಿಸಿ, ಎರಡನೆಯ ಅರ್ಧವನ್ನು ಉಳ್ಳವನಿಗೆ ಕೇಳಿಸದೆ ಬಿಡುವುದು ನ್ಯಾಯವಲ್ಲ.

ಈಗ ಲೆಕ್ಕಕ್ಕೆ ಬರೋಣ. ಐದು ಜನರ ಮನೆ, ದಿನಸಿಗೆಂದು ತಿಂಗಳಿಗೆ ಉಳಿಯುವುದು 3,600 ರೂಪಾಯಿ ಎಂದು ಇಟ್ಟುಕೊಳ್ಳಿ. ಅಂದರೆ ತಲೆಗೆ ದಿನಕ್ಕೆ 24 ರೂಪಾಯಿ. ಹೋಟೆಲಿನಲ್ಲಿ ಎರಡು ಚಹಾದ ದುಡ್ಡು. ಇದರಲ್ಲಿ ಒಂದು ದಿನದ ಮೂರು ಹೊತ್ತು ತುಂಬಬೇಕು. ಕಷ್ಟ, ಆದರೆ ಆಗದ ಮಾತಲ್ಲ. ನಮ್ಮ ಹಿಂದಿನವರು ಮಳೆಗಾಲವನ್ನು ದಾಟಿದ್ದು ಇದಕ್ಕಿಂತ ಕಡಿಮೆಯಲ್ಲಿ.

ಮೊದಲು ಸೊಸೈಟಿಯ ಅಕ್ಕಿ. ಬಿಪಿಎಲ್ ಕಾರ್ಡಿನಲ್ಲಿ ಕೇಂದ್ರದ ಪಾಲೇ ತಲೆಗೆ 5 ಕೆಜಿ, ಅದೂ ಉಚಿತ. ಐದು ಜನರಿಗೆ 25 ಕೆಜಿ ಅಲ್ಲಿಯೇ ಆಯಿತು. ಮದುವೆಯಾಗಿ ಬಂದ ಸೊಸೆಯ ಹೆಸರು, ಹುಟ್ಟಿದ ಮಗುವಿನ ಹೆಸರು ಕಾರ್ಡಿಗೆ ಸೇರಿದೆಯೇ, ಎಲ್ಲರ ಇ-ಕೆವೈಸಿ ಆಗಿದೆಯೇ ನೋಡಿಕೊಳ್ಳಿ. ಆ ಒಂದು ಹೆಸರು ಬಿಟ್ಟುಹೋದರೆ ವರ್ಷಕ್ಕೆ 60 ಕೆಜಿ ಅಕ್ಕಿ ಹೋಯಿತು. ಇನ್ನು ನಮ್ಮ ಜಿಲ್ಲೆಯ ಹಳೆಯ ದೂರು: ಕೊಡುವುದು ಬೆಳ್ತಿಗೆ, ನಾವು ಉಣ್ಣುವುದು ಕುಚ್ಚಲಕ್ಕಿ. ಅದಕ್ಕೆ ಕೆಲವರು ರೇಷನ್ ಅಕ್ಕಿಯನ್ನು ಸಿಕ್ಕಿದ ಬೆಲೆಗೆ ಮಾರಿ, ಅದರ ಮೇಲೆ ಇಷ್ಟು ಹಾಕಿ ಕುಚ್ಚಲಕ್ಕಿ ತರುತ್ತಾರೆ. ಇದು ಕಾನೂನಿನಲ್ಲಿ ಅಪರಾಧ, ಲೆಕ್ಕದಲ್ಲಿಯೂ ನಷ್ಟ. ಬೆಳ್ತಿಗೆ ಬೇಡವೆನ್ನುವವರು ಪತ್ತಿರ್‌ಗೆ, ನೀರುದೋಸೆಗೆ, ಪುಂಡಿಗೆ ಯಾವ ಅಕ್ಕಿ ನೆನೆಹಾಕುತ್ತಾರೆ? ಬೆಳಿಗ್ಗೆ ಮತ್ತು ರಾತ್ರಿಯ ಹೊತ್ತನ್ನು ಆ ಅಕ್ಕಿಗೆ ಬಿಟ್ಟರೆ, ಮಧ್ಯಾಹ್ನದ ಅನ್ನಕ್ಕೆ, ಗಂಜಿಗೆ ತಿಂಗಳಿಗೆ 15 ಕೆಜಿ ಕುಚ್ಚಲಕ್ಕಿ ಸಾಕಾಗುತ್ತದೆ. ಕೆಜಿಗೆ 50 ಹಿಡಿದರೂ 750 ರೂಪಾಯಿ.

ಎರಡನೆಯದು ಕಾಳು. ಮೀನು ನಿಂತಾಗ ಅಕ್ಕಿಯನ್ನು ಹೆಚ್ಚಿಸಿ ಹೊಟ್ಟೆ ತುಂಬಿಸುವ ಅಭ್ಯಾಸ ನಮ್ಮಲ್ಲಿದೆ. ಗಂಜಿ, ಉಪ್ಪಿನಕಾಯಿ, ಮುಗಿಯಿತು. ಒಂದೆರಡು ದಿನಕ್ಕೆ ಅದು ಸರಿ, 61 ದಿನಕ್ಕೆ ಅಲ್ಲ. ಬೆಳೆಯುವ ಮಕ್ಕಳಿಗೆ, ಹಾಲೂಡಿಸುವ ತಾಯಂದಿರಿಗೆ ಮೀನಿನ ಜಾಗದಲ್ಲಿ ಏನಾದರೂ ಬರಲೇಬೇಕು. ಹುರುಳಿ 2 ಕೆಜಿ, ಹೆಸರು 2 ಕೆಜಿ, ತೊಗರಿಬೇಳೆ 1 ಕೆಜಿ. ಇಷ್ಟಕ್ಕೆ ಸುಮಾರು 530 ರೂಪಾಯಿ. ಹುರುಳಿ ಇವುಗಳಲ್ಲಿ ಅಗ್ಗ, ಮಳೆಗಾಲಕ್ಕೆ ಹಿತ. ರಾತ್ರಿ ನೆನೆಹಾಕಿದರೆ ಗ್ಯಾಸೂ ಉಳಿಯಿತು. ಬೇಯಿಸಿದ ನೀರನ್ನು ಚೆಲ್ಲಬೇಡಿ. ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಅದೇ ಒಂದು ಹೊತ್ತಿನ ಸಾರು. 60 ಮೊಟ್ಟೆಗೆ 420 ರೂಪಾಯಿ ತೆಗೆದಿಟ್ಟರೆ ದಿನಕ್ಕೆ ಎರಡು ಮೊಟ್ಟೆ. ಅದು ಮಕ್ಕಳಿಗೆ.

ಎಣ್ಣೆ 2 ಲೀಟರ್, 300. ತೆಂಗಿನಕಾಯಿ ದುಬಾರಿಯಾಗಿದೆ, ಹಿತ್ತಿಲಲ್ಲಿ ಮರವಿಲ್ಲದವರು ತಿಂಗಳಿಗೆ ಹತ್ತಕ್ಕೆ ನಿಲ್ಲಿಸಬೇಕು, 350 ಆಯಿತು. ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಕೊತ್ತಂಬರಿ, ಹುಣಸೆ, ಉಪ್ಪು ಸೇರಿ ಇನ್ನೊಂದು 350. ಚಹಾಪುಡಿ, ಸಕ್ಕರೆಗೆ 200.

ಹಾಲಿನ ಲೆಕ್ಕ ಹಾಕಿದವರು ಕಡಿಮೆ. ದಿನಕ್ಕೆ ಅರ್ಧ ಲೀಟರಿನ ಒಂದು ಪ್ಯಾಕೆಟ್ ಎಂದರೆ ತಿಂಗಳಿಗೆ ಏಳುನೂರು ದಾಟುತ್ತದೆ, ಅಂದರೆ 3,600ರಲ್ಲಿ ಐದನೇ ಒಂದು ಪಾಲು. ಅದರಲ್ಲಿ ಹೆಚ್ಚಿನದು ಹೋಗುವುದು ದೊಡ್ಡವರ ಚಹಾಕ್ಕೆ. ದೊಡ್ಡವರು ಸುಲೈಮಾನಿ ಕುಡಿಯೋಣ. ದಿನ ಬಿಟ್ಟು ದಿನ ಒಂದು ಪ್ಯಾಕೆಟ್ ತಂದು ಮಕ್ಕಳಿಗೇ ಇಟ್ಟರೆ ಖರ್ಚು 360ಕ್ಕೆ ಇಳಿಯುತ್ತದೆ. ಇಷ್ಟೆಲ್ಲ ಕೂಡಿದರೆ 3,260. ಉಳಿದ 340ರಲ್ಲಿ ಒಂದಿಷ್ಟು ಒಣಮೀನು, ವಾರದ ತರಕಾರಿ. ದರ ಅಂಗಡಿಯಿಂದ ಅಂಗಡಿಗೆ ಹೆಚ್ಚುಕಡಿಮೆಯಾದೀತು. ನಿಮ್ಮ ಮನೆಯ ಸಂಖ್ಯೆ ಹಾಕಿ ನೀವೇ ಕೂಡಿಸಿ ನೋಡಿ. ಬರೆದು ನೋಡಬೇಕು, ಬಾಯಿಲೆಕ್ಕ ಬೇಡ.

ತರಕಾರಿಗೆ ಅಷ್ಟು ಸಾಲದು ಎನ್ನುವವರಿಗೆ, ಮಳೆಗಾಲದ ಹಿತ್ತಿಲನ್ನು ಅಲ್ಲಾಹನು ಬರಿದಾಗಿ ಇಟ್ಟಿಲ್ಲ. ತಜಂಕ್, ಕೆಸುವಿನ ಎಲೆ, ಬಸಳೆ, ಒಣಗಿಸಿಟ್ಟ ಹಲಸಿನ ಬೀಜ, ಉಪ್ಪಿನಲ್ಲಿ ಹಾಕಿಟ್ಟ ಸೊಳೆ. ಕೆಸುವಿಗೆ ಹುಣಸೆಹುಳಿ ಮರೆಯಬೇಡಿ, ಗಂಟಲು ತುರಿಸುತ್ತದೆ. ಇವನ್ನೆಲ್ಲ ಈಗ ಪೇಟೆಯವರು ದುಡ್ಡು ಕೊಟ್ಟು ಕಟ್ಟು ಕಟ್ಟಾಗಿ ಒಯ್ಯುತ್ತಾರೆ. ನಮ್ಮ ಮಕ್ಕಳು ಮಾತ್ರ ಅದನ್ನು ಬಡವರ ಸೊಪ್ಪು ಎಂದು ಮೂಗು ಮುರಿಯುತ್ತಾರೆ. ಸರಕಾರಿ ಶಾಲೆಯ ಮಧ್ಯಾಹ್ನದ ಊಟವನ್ನು, ಅಲ್ಲಿ ಕೊಡುವ ಮೊಟ್ಟೆಯನ್ನು, ಗರ್ಭಿಣಿಯರಿಗೆ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಸಿಗುವ ಊಟವನ್ನು ನಾಚಿಕೆಯಿಂದ ಬಿಡುವವರೂ ಇದ್ದಾರೆ. ಅದು ಯಾರ ಭಿಕ್ಷೆಯೂ ಅಲ್ಲ. ಹೋಗಿ ಪಡೆಯಿರಿ.

ಗ್ಯಾಸ್ ಸಿಲಿಂಡರ್ ಈ ಲೆಕ್ಕದಲ್ಲಿಲ್ಲ. ಅದನ್ನು ಉಳಿಸುವ ದಾರಿಯನ್ನು ನಮ್ಮ ತಾಯಂದಿರೇ ಬಲ್ಲರು: ಕುಚ್ಚಲಕ್ಕಿ ಕುದಿ ಬಂದು ಸ್ವಲ್ಪ ಹೊತ್ತಾದ ಮೇಲೆ ಪಾತ್ರೆ ಇಳಿಸಿ, ಬಟ್ಟೆ ಸುತ್ತಿ ಮುಚ್ಚಿಡುವುದು. ಅಂಗಡಿಯಲ್ಲಿ ಸಿಗುವ ಥರ್ಮಲ್ ಕುಕ್ಕರ್ ಮಾಡುವುದೂ ಅದೇ ಕೆಲಸ.

ಸಹೋದರರೇ, ಲೆಕ್ಕ ಇಷ್ಟೇ. ಆದರೆ ಈ ಲೆಕ್ಕದಲ್ಲಿ ಕಾಣದ ಒಂದು ಸಂಗತಿಯಿದೆ. ಕಾಗದದ ಮೇಲೆ ಐದು ಜನ ಎಂದು ಬರೆದೆವು. ಅಡುಗೆಮನೆಯಲ್ಲಿ ನಿಜವಾಗಿ ಎಷ್ಟು ಜನ ಉಣ್ಣುತ್ತಾರೆ? ಗಂಡನಿಗೆ ಬಡಿಸಿ, ಅತ್ತೆ ಮಾವನಿಗೆ, ಮಕ್ಕಳಿಗೆ ಬಡಿಸಿ, ಕೊನೆಗೆ ಪಾತ್ರೆಯ ತಳದಲ್ಲಿ ಇದ್ದದ್ದನ್ನು ಉಣ್ಣುವವಳು ಇದ್ದಾಳಲ್ಲ, ಅವಳ ಪಾಲು ಯಾರ ಲೆಕ್ಕದಲ್ಲಿದೆ? ಕೈ ಬಿಗಿಯಾದ ತಿಂಗಳಲ್ಲಿ ಮೊದಲು ಕಡಿಮೆಯಾಗುವುದು ಅವಳ ಊಟ. ನನಗೆ ಹಸಿವಿಲ್ಲ ಎನ್ನುತ್ತಾಳೆ, ನಾವು ನಂಬುತ್ತೇವೆ, ಏಕೆಂದರೆ ನಂಬುವುದು ನಮಗೆ ಅನುಕೂಲ. ಇದನ್ನು ತ್ಯಾಗ ಎಂದು ಹೊಗಳಿ ಸುಮ್ಮನಾಗುವ ಹಕ್ಕು ನಮಗಿಲ್ಲ. ಹಿಂದ್ ಬಿಂತ್ ಉತ್ಬಾ(ರ) ಪ್ರವಾದಿವರ್ಯರ(ಸ) ಬಳಿ ಬಂದು, ಪತಿ ಅಬೂಸುಫ್ಯಾನ್ ಮನೆಗೆ ಸಾಕಷ್ಟು ಕೊಡುವುದಿಲ್ಲ ಎಂದು ದೂರಿದಾಗ ಸಬ್ರ್ ಮಾಡು ಎಂದು ಕಳಿಸಲಿಲ್ಲ. ತನಗೂ ಮಕ್ಕಳಿಗೂ ನ್ಯಾಯವಾಗಿ ಬೇಕಾದಷ್ಟನ್ನು ಅವನ ಸೊತ್ತಿನಿಂದ ತೆಗೆದುಕೊಳ್ಳಲು ಅನುಮತಿ ಕೊಟ್ಟರು. ಹೆಂಡತಿಯ ಊಟ ಗಂಡನ ದಾನವಲ್ಲ, ಅವಳ ಹಕ್ಕು. ಗೃಹಲಕ್ಷ್ಮಿಯ 2,000 ರೂಪಾಯಿ ಬಂದರೆ ಅದು ಅವಳದು. ಅದನ್ನು ಅವಳು ಮನೆಗೆ ಖರ್ಚು ಮಾಡಿದರೆ ಅವಳಿಗೆ ಸದಖಾದ ಪ್ರತಿಫಲ, ಸಂಬಂಧ ಉಳಿಸಿದ ಪ್ರತಿಫಲ ಎರಡೂ ಇದೆ. ಇಬ್ನು ಮಸ್ಊದರ(ರ) ಪತ್ನಿಗೆ ಸಿಕ್ಕಿದ ಉತ್ತರ ಅದೇ. ಆದರೆ ಅದನ್ನು ನಂಬಿ ಗಂಡ ತನ್ನ ಜವಾಬ್ದಾರಿಯಿಂದ ಕೈ ತೊಳೆಯುವಂತಿಲ್ಲ. ಕೆಲಸವಿಲ್ಲದ ದಿನ ಸಿಗರೇಟಿಗೆ, ಮೊಬೈಲಿನ ಆಟಕ್ಕೆ ದುಡ್ಡು ಹುಟ್ಟುತ್ತದೆಯಾದರೆ ಆ ಮನೆಯ ಬಡತನ ಬೇರೆಯ ಜಾತಿಯದು.

ಅಶ್ಅರಿ ಗೋತ್ರದವರನ್ನು ಪ್ರವಾದಿವರ್ಯರು(ಸ) ಹೊಗಳಿದ್ದು ನಮಗೆ ಗೊತ್ತಿದೆ. ಯುದ್ಧಯಾತ್ರೆಯಲ್ಲಿಯೋ ಮದೀನಾದ ಮನೆಗಳಲ್ಲಿಯೋ ಆಹಾರ ಕಡಿಮೆಯಾದರೆ, ಅವರು ಇದ್ದದ್ದನ್ನೆಲ್ಲ ಒಂದು ಬಟ್ಟೆಯ ಮೇಲೆ ಸುರಿಯುತ್ತಿದ್ದರು, ಒಂದೇ ಪಾತ್ರೆಯಲ್ಲಿ ಅಳೆದು ಸಮನಾಗಿ ಹಂಚಿಕೊಳ್ಳುತ್ತಿದ್ದರು. ಅವರು ನನ್ನವರು, ನಾನು ಅವರವನು ಎಂಬ ಅರ್ಥದಲ್ಲಿ ಪ್ರವಾದಿಯವರು(ಸ) ಅವರನ್ನು ತಮ್ಮವರೆಂದರು. ಹೆಚ್ಚು ಇದ್ದವನು ಎಷ್ಟು ತಂದ, ಏನೂ ಇಲ್ಲದವನು ಎಷ್ಟು ಒಯ್ದ ಎಂದು ಯಾರೂ ಬರೆದಿಡಲಿಲ್ಲ. ಒಂದೇ ಪಾತ್ರೆ ಎಂಬುದನ್ನು ಗಮನಿಸಿ. ನಮ್ಮ ಮನೆಯೊಳಗೆ ಆ ಒಂದೇ ಪಾತ್ರೆ ಬರಲಿ. ತಾಯಿಗೂ ಮೊದಲೇ ಒಂದು ತಟ್ಟೆಯಲ್ಲಿ ಬಡಿಸಿ ಮುಚ್ಚಿಡುವುದಕ್ಕೆ ಹಣ ಬೇಕಾಗಿಲ್ಲ.

ಹಾಗೆಯೇ ಮಹಲ್ಲಾದಲ್ಲಿಯೂ. ರಮಝಾನಿನಲ್ಲಿ ಕಿಟ್‌ಗಳು ಬಂದು ಬೀಳುತ್ತವೆ. ಒಂದೊಂದು ಮನೆಗೆ ಮೂರು, ನಾಲ್ಕು, ಫೋಟೊ ಸಮೇತ. ಜೂನ್ ಬಂದಾಗ ಯಾರೂ ಇರುವುದಿಲ್ಲ. ಬಕ್ರೀದ್‌ನ ಮಾಂಸ ಕೆಲವರ ಫ್ರೀಜರ್‌ನಲ್ಲಿ ಇನ್ನೂ ಇದೆ, ಎರಡು ಮನೆ ಆಚೆ ಮೀನಿನ ವಾಸನೆಯೂ ಇಲ್ಲ. ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರಿಗೂ ಕೊಡು ಎಂದು ಅಬೂದರ್‌ರಿಗೆ(ರ) ಬೋಧಿಸಲಾಯಿತು. ಅಬೂದರ್(ರ) ಶ್ರೀಮಂತರಾಗಿರಲಿಲ್ಲ. ನೆರೆಯವರು ಎಂದಾಗ ನಮ್ಮ ಜಮಾಅತ್‌ನವರೇ ಆಗಬೇಕೆಂದಿಲ್ಲ. ಧಕ್ಕೆಯಲ್ಲಿ ಕೆಲಸ ಕಳೆದುಕೊಂಡವರಲ್ಲಿ ಮೊಗವೀರರಿದ್ದಾರೆ, ಉತ್ತರದ ಜಿಲ್ಲೆಗಳಿಂದ ಬಂದವರಿದ್ದಾರೆ. ಹಸಿವಿನ ಮನೆ ಯಾರದೆಂದು ಕೇಳುವುದು ಆಮೇಲೆ.

ಕೇಳದವರನ್ನು ಹುಡುಕುವುದು ಹೇಗೆ? ಸೂರಾ ಅಲ್‌ಬಕರಾದ 273ನೇ ಸೂಕ್ತದಲ್ಲಿ ಅಲ್ಲಾಹನು ಅಂಥವರ ಗುರುತು ಹೇಳಿದ್ದಾನೆ: ಅವರು ಕೈಚಾಚದಿರುವುದನ್ನು ಕಂಡು ತಿಳಿಯದವರು ಅವರನ್ನು ಅನುಕೂಲಸ್ಥರೆಂದೇ ಭಾವಿಸುತ್ತಾರೆ. ಅವರಿಗೆ ನಾವು ಹೇಳಬೇಕಾದ ಮಾತೊಂದಿದೆ. ಸ್ವಾಭಿಮಾನ ಒಳ್ಳೆಯದು, ಆದರೆ ಮಕ್ಕಳ ಹಸಿವನ್ನು ಮುಚ್ಚಿಡುವುದು ಸಬ್ರ್ ಅಲ್ಲ. ಅದಕ್ಕಿಂತ ಕೆಟ್ಟದ್ದು, ಮಾನಕ್ಕೆ ಅಂಜಿ ವಾರದ ಕಂತಿನ ಬಡ್ಡಿಸಾಲಕ್ಕೆ ಹೋಗುವುದು. ಅಕ್ಕಿಗೆಂದು ತಂದ ಸಾಲದ ಕಂತು ಕಟ್ಟಲು ಮುಂದಿನ ವಾರದ ಅಕ್ಕಿಯೇ ಹೋಗುತ್ತದೆ. ಈಗಾಗಲೇ ಸಿಕ್ಕಿಬಿದ್ದವರು ಬೆದರಿಕೆಗೆ ಹೆದರಿ ಒಲೆ ಆರಿಸಬೇಡಿ. ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನು ಬಂದಿದೆ, ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು.

ಹಸಿದ ಮನೆ ಯಾವುದೆಂದು ನಮಗಿಂತ ಚೆನ್ನಾಗಿ ತಿಳಿದವರು ಈ ಸಫ್‌ಗಳಲ್ಲಿ ಕುಳಿತಿದ್ದಾರೆ, ನಮ್ಮ ದಿನಸಿ ಅಂಗಡಿಯವರು. ಯಾರು ಅರ್ಧ ಕೆಜಿ ಬೇಳೆಯಿಂದ ಕಾಲು ಕೆಜಿಗೆ ಇಳಿದರು, ಯಾರು ಮೊಟ್ಟೆ ಬಿಟ್ಟರು, ಯಾರ ಮಗು ಬಂದು ಲೆಕ್ಕಕ್ಕೆ ಬರೆದುಕೊಳ್ಳಿ ಎಂದು ತಲೆತಗ್ಗಿಸಿ ನಿಂತಿತು ಎಂಬುದು ಅವರ ಪುಸ್ತಕದಲ್ಲಿದೆ. ಕಷ್ಟದಲ್ಲಿರುವ ಸಾಲಗಾರನಿಗೆ ಸಮಯ ಕೊಡಬೇಕೆಂಬುದು ಕುರ್‌ಆನಿನ ಆಜ್ಞೆ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದೆಂದೂ ಅಲ್ಲಿದೆ. ಆದರೆ ಭಾರವನ್ನೆಲ್ಲ ಅಂಗಡಿಯವನ ತಲೆಗೆ ಹಾಕಲಾಗದು, ಅವನೂ ಪೇಟೆಯ ವ್ಯಾಪಾರಿಗೆ ದುಡ್ಡು ಕೊಡಬೇಕು. ಆದ್ದರಿಂದ ಅನುಕೂಲವಿರುವವರು ಈ ಎರಡು ತಿಂಗಳು ಹೀಗೆ ಮಾಡಿ: ನಿಮ್ಮ ಸಾಮಾನು ತರಲು ಹೋದಾಗ ಅಂಗಡಿಯವರ ಕೈಗೆ ಐನೂರೋ ಸಾವಿರವೋ ಹೆಚ್ಚು ಕೊಟ್ಟು, ಪುಸ್ತಕದಲ್ಲಿ ತೀರಾ ಕಷ್ಟದ ಹೆಸರು ಯಾವುದೋ ಅದಕ್ಕೆ ಜಮಾ ಮಾಡಿ ಎಂದು ಹೇಳಿ. ಹೆಸರು ಕೇಳಬೇಡಿ. ಅವರು ಹೇಳಲು ಬಂದರೂ ತಡೆಯಿರಿ. ಝಕಾತ್ ಹಣವಾಗಿದ್ದರೆ ಮಾತ್ರ ಅದನ್ನು ಮೊದಲೇ ತಿಳಿಸಿ, ಹಕ್ಕುದಾರರಿಗೇ ಸಲ್ಲಬೇಕು. ಅಂಗಡಿಯವರೇ, ಈ ಅಮಾನತ್ ನಿಮ್ಮದು. ಹಣ ಕಟ್ಟಿದವರು ಯಾರೆಂದು ಆ ಮನೆಯವರಿಗೆ, ಮನೆ ಯಾವುದೆಂದು ಹಣ ಕಟ್ಟಿದವರಿಗೆ ಗೊತ್ತಾಗಬಾರದು.

ಜಮಾಅತ್ ಕಮಿಟಿಯವರಲ್ಲಿಯೂ ಒಂದು ವಿನಂತಿ. ಈ ಎರಡು ತಿಂಗಳಲ್ಲಿ ನಡೆಯುವ ಕಾರ್ಯಕ್ರಮಗಳಿಗೆ ಬಿರಿಯಾನಿ ಬೇಡ, ಚಹಾ ಸಾಕು. ಬರಗಾಲದ ವರ್ಷ ಉಮರ್(ರ) ಜನರಿಗೆ ಸಿಗುವ ವರೆಗೆ ತುಪ್ಪ ಮುಟ್ಟಲಿಲ್ಲ. ಆ ದುಡ್ಡಿನಲ್ಲಿ ಹುರುಳಿ, ಹೆಸರು, ಮೊಟ್ಟೆ ತರಿಸಿ. ಅಕ್ಕಿ ಬೇಡ, ಅದು ಸೊಸೈಟಿಯಲ್ಲಿ ಸಿಗುತ್ತದೆ. ರಾತ್ರಿ ಇಶಾ ನಮಾಝಿನ ನಂತರ, ಮನೆಯ ಹೆಂಗಸರ ಮೂಲಕವೇ ತಲುಪಲಿ.

ಕೆಲಸವಿಲ್ಲದ ಕೈಗಳಿಗೆ ಅಲ್ಲಾಹನು ದುಡಿಮೆ ಕೊಡಲಿ, ಆಗಸ್ಟ್‌ನಲ್ಲಿ ಕಡಲಿಗಿಳಿಯುವವರನ್ನು ಸುರಕ್ಷಿತವಾಗಿ ದಡ ಸೇರಿಸಲಿ, ನಮ್ಮ ಮನೆಗಳ ರಿಝ್ಕ್‌ನಲ್ಲಿ ಬರಕತ್ ನೀಡಲಿ. ಆಮೀನ್.