ಹಿತ್ತಾಳೆಯ ಕಣ್ಣು



ನಾವು ಸೂಕ್ಷ್ಮದರ್ಶಕ ಎನ್ನುವುದನ್ನು ತೆಲುಗಿನವರೂ ಮಲಯಾಳದವರೂ ಸೂಕ್ಷ್ಮದರ್ಶಿನಿ ಎನ್ನುತ್ತಾರೆ, ತಮಿಳರು ನುಣ್ಣೋಕ್ಕಿ ಎನ್ನುತ್ತಾರೆ. ಹೆಸರು ಯಾವುದಾದರೇನು, ಕೆಲಸ ಒಂದೇ: ಬರಿಗಣ್ಣಿಗೆ ಕಾಣದ್ದನ್ನು ಕಾಣಿಸುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಉಪಕರಣ ಬಹುಮಟ್ಟಿಗೆ ಹಿತ್ತಾಳೆಯದಾಗಿತ್ತು. ಹಿತ್ತಾಳೆ ಕಬ್ಬಿಣದಂತೆ ತುಕ್ಕು ತಿನ್ನುವುದಿಲ್ಲ. ಕಡೆಯುವುದಕ್ಕೂ ಸಣ್ಣ ತಿರುಪು ಕೊರೆಯುವುದಕ್ಕೂ ಹದವಾದ ಲೋಹ.

ಮರದ ಪೆಟ್ಟಿಗೆ ತೆರೆದರೆ ನಡುವೆ ಕೊಳವೆ. ಮೇಲೆ ಕಣ್ಣಿಡುವ ಮಸೂರ, ಕೆಳಗೆ ವಸ್ತುವಿನತ್ತ ಮುಖ ಮಾಡಿದ ಮಸೂರ. ಅದರಡಿ ಗಾಜಿನ ಪಟ್ಟಿ ಇಡುವ ಪೀಠ, ಪೀಠದಡಿ ಬೆಳಕನ್ನು ಮೇಲಕ್ಕೆ ಕಳಿಸುವ ಪುಟ್ಟ ಕನ್ನಡಿ. ಪೆಟ್ಟಿಗೆಯ ಗೂಡುಗಳಲ್ಲಿ ಬೇರೆ ಬೇರೆ ಶಕ್ತಿಯ ಮಸೂರಗಳು, ಚಿಮಟ, ಸೂಜಿ, ತೆಳು ಗಾಜಿನ ಮುಚ್ಚಳಗಳು. ಪರಿಕರಗಳಿಲ್ಲದ ಕೊಳವೆ ಒನಕೆಯಿಲ್ಲದ ಒರಳಿನಂತೆ.

ಇಂಥದೊಂದು ಉಪಕರಣ ಮಾಡಿದ ಕೆಲಸವನ್ನು ಕೇಳಿ. ಚಳಿಜ್ವರ, ಅಂದರೆ ಮಲೇರಿಯಾ, ಕೆಟ್ಟ ಗಾಳಿಯಿಂದ ಬರುತ್ತದೆಂದು ಜನ ನಂಬಿದ್ದ ಕಾಲ. 1880ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ವೈದ್ಯರು ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಅದರ ಜೀವಿಯನ್ನು ಕಂಡರು. ಆದರೆ ಅದು ಒಬ್ಬರಿಂದ ಒಬ್ಬರಿಗೆ ದಾಟುವುದು ಹೇಗೆ? ಅಲ್ಮೋರಾದಲ್ಲಿ ಹುಟ್ಟಿದ ಸೇನಾ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಮೇಲೆ ಅನುಮಾನಪಟ್ಟು ಎರಡು ವರ್ಷ ಸೊಳ್ಳೆಗಳನ್ನು ಸೀಳಿ ನೋಡಿದರು. ಏನೂ ಸಿಗಲಿಲ್ಲ. 1897ರಲ್ಲಿ ಅವರು ನೀಲಗಿರಿಗೆ ಬಂದು, ಉದಕಮಂಡಲದಿಂದ ಕೆಳಗಿಳಿಯುವ ಸಿಗೂರು ಘಾಟಿಯಲ್ಲಿ ಶೋಧಕ್ಕೆ ತೊಡಗಿದರು. ಅಲ್ಲಿ ಅವರಿಗೇ ಜ್ವರ ಹಿಡಿಯಿತು.

ಅದೇ ವರ್ಷ ಆಗಸ್ಟಿನಲ್ಲಿ ಅವರು ಸಿಕಂದರಾಬಾದಿನಲ್ಲಿದ್ದರು. ಹುಸೇನ್ ಖಾನ್ ಎಂಬ ರೋಗಿ, ಕಚ್ಚಿದ ಸೊಳ್ಳೆಗೆ ಒಂದಾಣೆಯಂತೆ ಕೂಲಿ ಪಡೆದು, ರೆಕ್ಕೆಯಲ್ಲಿ ಚುಕ್ಕೆಗಳಿದ್ದ ಸೊಳ್ಳೆಗಳಿಂದ ಕಚ್ಚಿಸಿಕೊಂಡರು. ಸೆಕೆಯೋ ಸೆಕೆ. ಬೀಸಣಿಗೆ ಬೀಸಿದರೆ ಸೀಳಿಟ್ಟ ಸೊಳ್ಳೆ ಹಾರಿಹೋಗುತ್ತದೆಂದು ಗಾಳಿಯನ್ನೂ ಬಿಟ್ಟು ಕೂರಬೇಕು. ಬೆವರು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಉಳಿದಿದ್ದ ಒಂದೇ ಒಂದು ಕಣ್ಣಿನ ಮಸೂರವೂ ಬಿರುಕು ಬಿಟ್ಟಿತ್ತು. ಆಗಸ್ಟ್ 20ರಂದು ಅದೇ ಬಿರುಕು ಗಾಜಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯ ಮೇಲೆ ದುಂಡನೆಯ ಕೋಶವೊಂದು ಕಂಡಿತು. ಒಂದು ಮಿಲಿಮೀಟರನ್ನು 80 ಪಾಲು ಮಾಡಿದರೆ ಒಂದು ಪಾಲಿನಷ್ಟು ಅಗಲ. ಅದರೊಳಗೆ ಕರಿಯ ಕಣಗಳು. ಮಲೇರಿಯಾ ರೋಗಿಯ ರಕ್ತದಲ್ಲಿ ಕಾಣುವ ಕಣಗಳೂ ಅವೇ! ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಆ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಅಂದರೆ ಜ್ವರದ ಜೀವಿ ಸೊಳ್ಳೆಯೊಳಗೆ ಬೆಳೆಯುತ್ತಿತ್ತು. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಕುರಿತು ಶೋಧಿಸಿ, ಸೊಳ್ಳೆ ಕಚ್ಚಿದಾಗಲೇ ರೋಗ ಹರಡುತ್ತದೆಂದು ತೋರಿಸಿದರು. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ನಿಂತ ನೀರು ಬತ್ತಿಸಿ, ಸೊಳ್ಳೆಪರದೆ ಕಟ್ಟಿ ಎಂದು ನಮ್ಮ ಊರುಗಳಲ್ಲಿ ಹೇಳುವ ಮಾತಿನ ಬೇರು ಅಲ್ಲಿದೆ.

ಆದ್ದರಿಂದ, ಹಳೆಯ ಶಾಲೆಯ ಕಪಾಟಿನಲ್ಲೋ ವೈದ್ಯರಿದ್ದ ಮನೆಯ ಅಟ್ಟದಲ್ಲೋ ಇಂಥ ಪೆಟ್ಟಿಗೆ ಸಿಕ್ಕರೆ ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಚೊಂಬು ಬೆಳಗುವಂತೆ ಹುಣಸೆಹಣ್ಣು ಹಾಕಿ ತಿಕ್ಕಲೂ ಬೇಡಿ. ಆ ಹಿತ್ತಾಳೆಗೆ ಅರಗಿನ ತೆಳು ಲೇಪ ಇರುತ್ತದೆ. ತಿಕ್ಕಿದರೆ ಅದು ಹೋಗುತ್ತದೆ, ಲೋಹ ಬೇಗ ಕಪ್ಪಾಗುತ್ತದೆ. ಮೆತ್ತನೆಯ ಒಣಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಗಾಜಿಗೆ ಬೆರಳು ತಾಗಿಸಬೇಡಿ. ಮಳೆ ಹೆಚ್ಚಿರುವ ವಯನಾಡು, ಕಾಸರಗೋಡಿನ ಕಡೆ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಒಣ ಜಾಗದಲ್ಲಿಡಿ. ಮುಖ್ಯವಾಗಿ, ಚಿಮಟ, ಗಾಜು, ಮಸೂರ ಯಾವುದನ್ನೂ ಪೆಟ್ಟಿಗೆಯಿಂದ ಅಗಲಿಸಬೇಡಿ.

ಮತ್ತೆ, ಅದನ್ನು ಬೀಗ ಹಾಕಿ ಇಡುವುದಷ್ಟೇ ಅಲ್ಲ. ಊರಿನ ಶಾಲೆಯ ಮೇಷ್ಟ್ರನ್ನು ಕರೆದು, ಕೆರೆಯ ಒಂದು ಹನಿ ನೀರನ್ನು ಗಾಜಿನ ಪಟ್ಟಿಯ ಮೇಲಿಟ್ಟು ಮಕ್ಕಳಿಗೆ ತೋರಿಸಿ. ಅವರು ಯಾವ ಭಾಷೆಯಲ್ಲಿ ಬೆರಗಾದರೂ ಸರಿಯೇ.