ಮಲಗಿದ ಪಾಪು, ಎದ್ದಿರುವ ಅಕ್ಕ

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳು)



ಮಕ್ಕಳ ಆರೈಕೆಯ ಬಗ್ಗೆ ಮಾತಾಡಿ ಎಂದು ನೀವು ಹೇಳಿದಾಗ, ಅಷ್ಟು ದೊಡ್ಡ ವಿಷಯ ಬೇಡ, ಮಧ್ಯಾಹ್ನದ ಒಂದೆರಡು ತಾಸಿನ ಬಗ್ಗೆ ಮಾತ್ರ ಮಾತಾಡುತ್ತೇನೆ ಎಂದೆ. ಪಾಪು ಮಲಗಿದೆ. ನಾಲ್ಕು ವರ್ಷದ ಅಕ್ಕನೋ ಅಣ್ಣನೋ ಎದ್ದಿದ್ದಾರೆ. ಮನೆಯಲ್ಲಿ ತಾಯಿಯನ್ನು ಬಿಟ್ಟು ಇನ್ನೊಬ್ಬರಿಲ್ಲ. ಮಕ್ಕಳ ವಾರ್ಡಿನಲ್ಲಿ ನರ್ಸಾಗಿ ದುಡಿದ ವರ್ಷಗಳಲ್ಲಿ ತಾಯಂದಿರು ನನ್ನನ್ನು ಜ್ವರದ ಬಗ್ಗೆ, ಹಾಲಿನ ಬಗ್ಗೆ ಕೇಳಿದ್ದಾರೆ. ಈ ಹೊತ್ತಿನ ಬಗ್ಗೆ ಕೇಳಿದವರು ಬಹಳ ಕಡಿಮೆ. ಮಲಗಿದ ಮಗುವಿಗೆ ಏನಾದೀತು ಎಂಬ ಧೈರ್ಯ ನಮಗೆ.

ಊರಿನ ಮನೆಯಲ್ಲಿ ತೊಟ್ಟಿಲು ನಡುಮನೆಯಲ್ಲಿರುತ್ತಿತ್ತು. ಅಜ್ಜಿ ಹೂಬತ್ತಿ ಹೊಸೆಯುತ್ತಾ ಹಗ್ಗ ಎಳೆಯುತ್ತಿದ್ದರು. ಅತ್ತೆ ಅಕ್ಕಿ ಆರಿಸುತ್ತಿದ್ದರು. ದೊಡ್ಡ ಮಗು ಅವರ ಸೆರಗು ಹಿಡಿದು ಓಡಾಡುತ್ತಿತ್ತು. ಕಾಯುತ್ತಿದ್ದೇವೆ ಎಂದು ಯಾರೂ ಹೇಳುತ್ತಿರಲಿಲ್ಲ, ಆದರೆ ಯಾರದೋ ಕಣ್ಣು ಇದ್ದೇ ಇರುತ್ತಿತ್ತು. ಡೊಂಬಿವಲಿಯ, ಮುಲುಂಡಿನ ಒನ್ ಬಿಎಚ್‌ಕೆಯಲ್ಲಿ ಅಷ್ಟೂ ಜನರ ಕೆಲಸ ಒಬ್ಬಳ ಎರಡು ಕಣ್ಣಿನ ಮೇಲೆ ಬಿದ್ದಿದೆ. ಆ ಎರಡು ಕಣ್ಣು ಸಾಲದು ಎಂದು ಒಪ್ಪಿಕೊಂಡರೆ ಮೂರು ಕೆಲಸ ಮಾಡಬೇಕು. ಮಲಗುವ ಜಾಗ ಸರಿ ಮಾಡಬೇಕು, ದೊಡ್ಡ ಮಗುವಿನ ಹೊತ್ತನ್ನು ಸರಿ ಮಾಡಬೇಕು, ಇನ್ನೊಬ್ಬರನ್ನು ಕರೆಯಲು ಕಲಿಯಬೇಕು.

ಮೊದಲು ಜಾಗ. ಒಂದು ವರ್ಷದೊಳಗಿನ ಮಗುವನ್ನು ಹಗಲಿರಲಿ, ರಾತ್ರಿಯಿರಲಿ, ಅಂಗಾತವಾಗಿಯೇ ಮಲಗಿಸಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಮಕ್ಕಳನ್ನು ಬೋರಲು ಮಲಗಿಸಬೇಡಿ ಎಂದಿತು. 1994ರಲ್ಲಿ ಅಲ್ಲಿ ಇದಕ್ಕಾಗಿಯೇ ದೊಡ್ಡ ಪ್ರಚಾರ ನಡೆಯಿತು. ಮುಂದಿನ ಹತ್ತು ವರ್ಷಗಳಲ್ಲಿ ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಶಿಶುಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಔಷಧವಲ್ಲ, ಯಂತ್ರವಲ್ಲ, ಮಲಗಿಸುವ ರೀತಿ ಬದಲಾಯಿತು, ಅಷ್ಟೇ.

ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಲಿ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಸುತ್ತಲೂ ಒತ್ತುವ ಲೋಡು, ದಪ್ಪ ರಜಾಯಿ, ಮೆತ್ತನೆಯ ಗೊಂಬೆ ಯಾವುದೂ ಬೇಡ. ಸೋಫಾದ ಮೇಲಂತೂ ಮಲಗಿಸಲೇಬೇಡಿ. ಹಾಲು ಕುಡಿಸುತ್ತಾ ನಿಮಗೆ ಅಲ್ಲೇ ಜೋಂಪು ಹತ್ತಿದರೆ ಮಗು ಸಂದಿಗೆ ಜಾರಿ ಉಸಿರು ಕಟ್ಟಬಹುದು. ಸೀರೆಯ ಜೋಲಿ ನಮ್ಮ ಸಂಪ್ರದಾಯ ನಿಜ. ಆದರೆ ದೊಡ್ಡ ಮಗು ಅದನ್ನು ತಿರುಚಿ ತೂಗಿದಾಗ ಬಟ್ಟೆ ಕುತ್ತಿಗೆಗೆ ಸುತ್ತಿಕೊಂಡ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಎದ್ದು ಓಡಾಡುವ ಮಗುವಿರುವ ಮನೆಯಲ್ಲಿ, ಕಣ್ಣೆದುರು ದೊಡ್ಡವರಿಲ್ಲದಾಗ ಜೋಲಿ ಬೇಡ.

ಈಗ ದೊಡ್ಡ ಮಗುವಿನ ಮಾತು. ಅದಕ್ಕೆ ಪಾಪುವಿನ ಮೇಲೆ ಹೊಟ್ಟೆಕಿಚ್ಚು ಎಂದು ಹೇಳುತ್ತೇವೆ. ನಾನು ಕಂಡ ಹಾಗೆ ಅಪಾಯ ಹೆಚ್ಚಾಗಿ ಬರುವುದು ಪ್ರೀತಿಯಿಂದ. ಚಳಿಯಾಗುತ್ತದೆ ಎಂದು ಅಕ್ಕ ತಮ್ಮನ ಮುಖದ ಮೇಲೆ ಅಮ್ಮನ ಓಢಣಿ ಹೊದಿಸುತ್ತಾಳೆ. ಹಸಿದಿರಬೇಕೆಂದು ಬಾಯಿಗೆ ಕಡಲೆಬೀಜ ಇಡುತ್ತಾಳೆ. ಪಕ್ಕದಲ್ಲಿ ಮಲಗಲು ತೊಟ್ಟಿಲು ಹತ್ತುತ್ತಾಳೆ. ಅವಳ ಆಟಿಕೆಯಿಂದ ಬಿದ್ದ ಗುಂಡಿಯಂಥ ಬ್ಯಾಟರಿ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ತಾಸಿನಲ್ಲೇ ಸುಟ್ಟ ಗಾಯವಾಗುತ್ತದೆ. ಆದ್ದರಿಂದ 'ಪಾಪೂನ ನೋಡ್ಕೋ' ಎಂದು ಆ ಮಗುವಿಗೆ ಹೇಳಬೇಡಿ. 'ಪಾಪು ಎದ್ದರೆ ಓಡಿ ಬಂದು ನನಗೆ ಹೇಳು' ಎನ್ನಿ. ಮೊದಲ ಮಾತು ಅವಳನ್ನು ಕಾವಲುಗಾರಳನ್ನಾಗಿ ಮಾಡುತ್ತದೆ, ಎರಡನೆಯದು ಮಗುವಾಗಿಯೇ ಉಳಿಸುತ್ತದೆ. ನಮ್ಮ ಮನೆಗಳಲ್ಲಿ ಅಕ್ಕನೆಂದರೆ ಎರಡನೇ ತಾಯಿ ಎಂದು ಹೊಗಳುತ್ತೇವೆ. ಎಂಟು ವರ್ಷದ ಹುಡುಗಿಗೆ ಆ ಹೊಗಳಿಕೆ ಒಂದು ಹೊರೆ. ಏನಾದರೂ ಆದರೆ ಅವಳು ಅದನ್ನು ಜೀವನಪೂರ್ತಿ ಹೊರುತ್ತಾಳೆ.

ಇನ್ನೊಂದು ವಿಷಯ. ಪಾಪು ಮಲಗಿದ ಕ್ಷಣದಿಂದ ದೊಡ್ಡ ಮಗುವಿಗೆ 'ಶ್ಶ್, ಸದ್ದು ಮಾಡಬೇಡ' ಶುರುವಾಗುತ್ತದೆ. ನಾಲ್ಕು ತಿಂಗಳು ತುಂಬಿದ ಶಿಶು ಹಗಲೂ ರಾತ್ರಿಯೂ ಸೇರಿ 12ರಿಂದ 16 ತಾಸು ಮಲಗುತ್ತದೆ. ಹಗಲಿನ ನಿದ್ದೆಯಷ್ಟೂ ಹೊತ್ತು ಅಕ್ಕ ಬಾಯಿ ಮುಚ್ಚಿಕೊಂಡಿರಬೇಕೆಂದರೆ ಆ ತಮ್ಮ ಅವಳಿಗೆ ಶತ್ರುವೇ ಆಗುತ್ತಾನೆ. ಮನೆಯ ಸಾಮಾನ್ಯ ಸದ್ದಿಗೆ ಪಾಪು ಹೊಂದಿಕೊಳ್ಳುತ್ತದೆ. ಕುಕ್ಕರಿನ ಸೀಟಿಗೆ ಏಳದ ಮಗು ಅಕ್ಕನ ಮಾತಿಗೆ ಏಳುತ್ತದೆಯೇ?

ಪಾಪು ಮಲಗಿದ ಮೊದಲ ಹದಿನೈದು ನಿಮಿಷ ದೊಡ್ಡ ಮಗುವಿನದು ಎಂದು ಇಟ್ಟುಕೊಳ್ಳಿ. ಪಾತ್ರೆ ಕಾಯಲಿ, ಫೋನು ಕಾಯಲಿ. ಮಡಿಲಲ್ಲಿ ಕೂರಿಸಿ ಒಂದು ಕಥೆ ಹೇಳಿ. ಆಮೇಲೆ ಪಾಪು ಮಲಗಿದಾಗ ಮಾತ್ರ ತೆಗೆಯುವ ಒಂದು ಡಬ್ಬಿ ಕೊಡಿ. ಅದರಲ್ಲಿ ಬಣ್ಣದ ಪೆನ್ಸಿಲ್, ಹಳೆಯ ಮದುವೆ ಪತ್ರಿಕೆಗಳು, ಮಡಚಲು ಕರವಸ್ತ್ರಗಳಿದ್ದರೆ ಸಾಕು. ಮಣಿ, ನಾಣ್ಯ ಬೇಡ. ಅವಳು ಆಡುವುದು ನಿಮಗೆ ಕಾಣುವ ಜಾಗದಲ್ಲಿರಲಿ, ಪಾಪುವಿನ ಕೋಣೆಯ ಬಾಗಿಲು ತೆರೆದಿರಲಿ. ಆಗಾಗ ಎದ್ದು ಹೋಗಿ ಮುಖದ ಮೇಲೆ ಬಟ್ಟೆ ಬಿದ್ದಿಲ್ಲವೆಂದು, ಉಸಿರಾಟ ಸಲೀಸಾಗಿದೆಯೆಂದು ನೋಡಿ ಬನ್ನಿ. ದೊಡ್ಡ ಮಗುವಿನ ಸ್ನಾನ ಪಾಪು ಮಲಗುವ ಮೊದಲೇ ಮುಗಿಯಲಿ. ಪಾಪು ಅತ್ತಿತೆಂದು ನೀವು ಓಡಿದರೆ ಬಚ್ಚಲಲ್ಲಿ ಉಳಿಯುವುದು ಬಕೆಟ್ ನೀರು ಮತ್ತು ಮಗು. ಚಿಕ್ಕ ಮಕ್ಕಳು ಮುಳುಗಲು ಅರ್ಧ ಬಕೆಟ್ ನೀರೂ ಬೇಕಾಗಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಶಾಲೆಯ ಬಸ್ಸಿನ ಹೊತ್ತು. ಹನ್ನೆರಡೂವರೆಗೆ ಬಸ್ಸು ಗೇಟಿಗೆ ಬರುತ್ತದೆ, ಪಾಪು ಆಗಷ್ಟೇ ಕಣ್ಣು ಮುಚ್ಚಿದೆ. ಐದು ನಿಮಿಷದ ಕೆಲಸ ಎಂದು ಇಳಿದು ಹೋಗುತ್ತೇವೆ. ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರು ಹಾಗೆ ಇಳಿದಾಗ ಗಾಳಿಗೆ ಬಾಗಿಲ ಲ್ಯಾಚ್ ಬಿತ್ತು. ಒಳಗೆ ಆರು ತಿಂಗಳ ಮಗು, ಒಲೆಯ ಮೇಲೆ ಬೇಳೆ. ಕೀಲಿ ಮಾಡುವವನು ಬಂದು ಬಾಗಿಲು ತೆರೆಯುವವರೆಗೆ ಆ ತಾಯಿ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದಳು, ಶಾಲೆಯಿಂದ ಬಂದ ಮಗ ಚೀಲ ಹೊತ್ತುಕೊಂಡೇ ಅಳುತ್ತಿದ್ದ. ಮಗುವಿಗೇನೂ ಆಗಲಿಲ್ಲ, ದೇವರ ದಯೆ. ಆದರೆ ದಿನಾ ದೇವರ ಮೇಲೆ ಹಾಕುವ ಭಾರವಲ್ಲ ಇದು. ಯಾರೂ ಇಲ್ಲದಿದ್ದರೆ ನಿದ್ದೆಗೆಟ್ಟರೂ ಸರಿ, ಪಾಪುವನ್ನು ಎತ್ತಿಕೊಂಡೇ ಇಳಿಯಿರಿ. ಕೆಟ್ಟ ನಿದ್ದೆ ಮತ್ತೆ ಬರುತ್ತದೆ.

ಯಾರೂ ಇಲ್ಲ ಎನ್ನುವುದಾದರೂ ಎಷ್ಟು ನಿಜ? ಹಳದಿ-ಕುಂಕುಮಕ್ಕೆ ಕರೆಯಲು ನಮಗೆ ಸಂಕೋಚವಿಲ್ಲ. 'ಇಪ್ಪತ್ತು ನಿಮಿಷ ಬಂದು ಕೂತ್ಕೊಳ್ರಿ ಅಕ್ಕಾ' ಎನ್ನಲು ಸಂಕೋಚ. ಎದುರು ಮನೆಯವರು ಮರಾಠಿಯವರಿರಲಿ, ಗುಜರಾತಿಯವರಿರಲಿ, ನಂಬಿಕೆಯಿದ್ದರೆ ಒಂದು ಕೀಲಿ ಅವರಲ್ಲಿರಲಿ. ಬಾಗಿಲ ಹಿಂದೆ ಅವರ ಫೋನ್ ನಂಬರೂ, ಆಂಬುಲೆನ್ಸಿನ 108 ಕೂಡ ದೊಡ್ಡಕ್ಷರದಲ್ಲಿರಲಿ. ಗಂಡಂದಿರೂ ಇದನ್ನು ತಿಳಿದಿರಲಿ. ರಜೆಯ ದಿನ ಈ ಎರಡು ತಾಸು ಅವರದಾಗಲಿ, ನೀವು ಮಲಗಿ.

ನಮ್ಮ ಮಹಿಳಾ ವಿಭಾಗಕ್ಕೆ ನನ್ನದೊಂದು ಕೋರಿಕೆ. ಒಂದೇ ಬಡಾವಣೆಯಲ್ಲಿರುವ ಸದಸ್ಯೆಯರ ಪಟ್ಟಿ ಮಾಡೋಣ. ಮಕ್ಕಳು ದೊಡ್ಡವರಾಗಿ ಮಧ್ಯಾಹ್ನ ಖಾಲಿ ಕುಳಿತಿರುವ ನನ್ನಂಥವರು ಬಹಳ ಜನ ಇದ್ದೇವೆ. ಎಳೆಮಗುವಿನ ತಾಯಿಗೆ ವಾರಕ್ಕೆರಡು ದಿನ ಬಸ್ಸಿನ ಹೊತ್ತಿಗೆ ಹೋಗಿ ಕುಳಿತರೆ, ನಮಗೂ ಒಂದು ಮಗುವಿನ ಮುಖ ನೋಡಿದ ಹಾಗಾಗುತ್ತದೆ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.