ಹಳೆಯ ಮನೆಗೆ ಹೊಸ ಅತಿಥಿ

ಯಾರ ಮನೆಗೆ ಹೋದರೂ ನಾವು ಹೊಸ್ತಿಲಾಚೆ ಚಪ್ಪಲಿ ಬಿಡುತ್ತೇವೆ. ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಇದು ನನ್ನ ಮನೆಯಲ್ಲ, ಇಲ್ಲಿ ಬದುಕಿ ಬಾಳಿದವರಿದ್ದಾರೆ ಅನ್ನುವ ಅರಿವು ಅದು. ಹಳೆಯ ಕಟ್ಟಡಕ್ಕೆ ಕಾಲಿಡುವಾಗಲೂ ಅದೇ ಅರಿವು ಬೇಕು.

ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ಊರಲ್ಲಿ ಒಂದು ಹಳೆಯ ಕ್ಯಾಥೊಲಿಕ್ ಚರ್ಚಿದೆ. ಡೊಮಿನಿಕನ್ ಸನ್ಯಾಸಿಗಳು 13ನೇ ಶತಮಾನದಲ್ಲಿ ಕಟ್ಟಿಸಿದ್ದು. 1794ರಲ್ಲಿ ಫ್ರೆಂಚ್ ಸೇನೆ ಊರನ್ನು ಗೆದ್ದುಕೊಂಡಿತು. ಮುಂದೆ ಸನ್ಯಾಸಿಗಳು ಹೊರನಡೆದರು, ಪ್ರಾರ್ಥನೆ ನಿಂತಿತು. ಆ ಚರ್ಚು ಉಗ್ರಾಣವಾಯಿತು, ಸಂಗೀತದ ಸಭಾಂಗಣವಾಯಿತು, ಕೊನೆಗೆ ಸೈಕಲ್ ಸ್ಟ್ಯಾಂಡೂ ಆಯಿತು. 2006ರಲ್ಲಿ ಅಲ್ಲಿ ಪುಸ್ತಕದಂಗಡಿ ತೆರೆಯಿತು. ಈಗ ಅಲ್ಲಿ ಲೇಖಕರು ಮಾತಾಡುತ್ತಾರೆ, ಜನ ಕೂತು ಕೇಳುತ್ತಾರೆ.

ಒಳಗೆ ಒಂದು ಬದಿಗೆ, ಹತ್ತಿ ಓಡಾಡಬಹುದಾದಷ್ಟು ದೊಡ್ಡದಾದ, ಕಪ್ಪು ಉಕ್ಕಿನ ಪುಸ್ತಕದ ಕಪಾಟು. ಅದರ ಮೆಟ್ಟಿಲೇರಿದರೆ ಕಲ್ಲಿನ ಕಮಾನು, ಚಾವಣಿಯ ಹಳೆಯ ಚಿತ್ರಗಳು ಕಣ್ಣಿಗೆ ಹತ್ತಿರವಾಗುತ್ತವೆ. ಅಷ್ಟು ದೊಡ್ಡ ಕಪಾಟು ಗೋಡೆಗೆ ಆತುಕೊಂಡಿಲ್ಲ, ತನ್ನ ಕಾಲ ಮೇಲೆ ತಾನು ನಿಂತಿದೆ. ನಾಳೆ ಬಿಚ್ಚಿಕೊಂಡು ಹೋದರೂ ಚರ್ಚು ಚರ್ಚಾಗಿಯೇ ಉಳಿಯುತ್ತದೆ. ಹೊಸದಾಗಿ ಬಂದವರು ಅತಿಥಿಯ ಹಾಗೆ ನಡೆದುಕೊಂಡಿದ್ದಾರೆ.

ಎಲ್ಲ ಅತಿಥಿಗಳೂ ಹೀಗಿರುವುದಿಲ್ಲ. ನಮ್ಮ ಹಾಸನದ ಬಳಿಯ ಶೆಟ್ಟಿಹಳ್ಳಿಗೆ ಬನ್ನಿ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು ಹೇಮಾವತಿಯ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ನೋಡಲು ಬಂದವರಲ್ಲಿ ಕೆಲವರು ಆ ಗೋಡೆಗಳ ಮೇಲೆ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ನೀರು ಮಾಡಿದ ಗಾಯಕ್ಕಿಂತ ಈ ಗಾಯ ನನ್ನನ್ನು ಹೆಚ್ಚು ನೋಯಿಸುತ್ತದೆ.

ಅತಿಥಿಯಾಗಿರುವುದು ಹೇಗೆಂದು ನಮ್ಮ ಕೋಲಾರಕ್ಕೂ ಗೊತ್ತು. ತೇರಹಳ್ಳಿ ಬೆಟ್ಟದ ಮೇಲೆ, ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯನವರ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ, ಹುಣ್ಣಿಮೆಯ ರಾತ್ರಿ ಜನ ಸೇರಿ ಹಾಡಿದ್ದಾರೆ, ನಾಟಕ ಆಡಿದ್ದಾರೆ. ಅಲ್ಲಿ ಮನೆಯ ಯಜಮಾನ ಬೆಟ್ಟವೇ.

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಿಮ್ಮದು ಯಾವ ಊರೇ ಇರಲಿ, ಬೀಗ ಬಿದ್ದ ಹಳೆಯ ಛತ್ರವೋ ಶಾಲೆಯ ಕೊಠಡಿಯೋ ಇದ್ದೀತು. ನಾಲ್ಕು ಜನ ಸೇರಿ ಬೀಗ ತೆಗೆಸಿ. ಮಕ್ಕಳು ಕೂತು ಓದಲಿ, ತತ್ವಪದದವರು ತಂಬೂರಿ ಮೀಟಲಿ. ಗೋಡೆಗೆ ಮೊಳೆ ಹೊಡೆಯುವ ಮುನ್ನ ಮಾತ್ರ ಒಂದು ಗಳಿಗೆ ನಿಂತು ಯೋಚಿಸಿ. ಈ ಮನೆಯಲ್ಲಿ ನಮಗಿಂತ ಮೊದಲಿದ್ದವರಿದ್ದಾರೆ, ನಮ್ಮ ನಂತರ ಬರುವವರೂ ಇದ್ದಾರೆ.